ನಮ್ಮ ಕಷ್ಟದ ಬಿಲ್ಲುಗಳನ್ನೇ ಡೆಮೊಗೆ ಕೊಟ್ಟೆವು: ಇಆರ್‌ಪಿ ಆರಿಸಿದ ನನ್ನ ಅನುಭವ

ಇಆರ್‌ಪಿ ಅಂದರೆ ಖರೀದಿ, ಸ್ಟಾಕ್, ಮಾರಾಟ, ಲೆಕ್ಕ ಎಲ್ಲವನ್ನೂ ಒಂದೇ ಕಡೆ ನಡೆಸುವ ಸಾಫ್ಟ್‌ವೇರ್. ಇವುಗಳನ್ನು ಫೀಚರ್ ಪಟ್ಟಿ ಇಟ್ಟುಕೊಂಡು ಹೋಲಿಸಿದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ಖರೀದಿ ಇದೆಯಾ? ಇದೆ. ಹಲವು ಗೋಡೌನ್? ಇದೆ. ಬ್ಯಾಚ್, ಅಪ್ರೂವಲ್, ಬೇರೆ ಬೇರೆ ಕರೆನ್ಸಿ? ಎಲ್ಲಾ ಕಾಲಂನಲ್ಲೂ ಟಿಕ್ ಮಾರ್ಕ್. ಆ ಪಟ್ಟಿ ನೋಡಿ ತೀರ್ಮಾನ ಮಾಡಲು ನಮಗೆ ಏನೂ ಸಿಗಲಿಲ್ಲ. ವ್ಯತ್ಯಾಸ ಗೊತ್ತಾಗುವುದು ಕೆಲಸ ಸರಾಗವಾಗಿ ನಡೆಯದ ಕಡೆ. ಅರ್ಧ ಮಾತ್ರ ಬಂದ ಮಾಲು, ತಡವಾಗಿ ಬಂದ ಸಾಗಣೆ ಬಿಲ್ಲು, ತಿಂಗಳ ಲೆಕ್ಕ ಮುಚ್ಚಿದ ಮೇಲೆ ವಾಪಸ್ ಬಂದ ಸರಕು. ಇಂಥವನ್ನು ಯಾವ ಸಾಫ್ಟ್‌ವೇರ್ ಹೇಗೆ ನಿಭಾಯಿಸುತ್ತದೆ ಎಂದು ನೋಡಿಯೇ ನಾವು ಆರಿಸಿದೆವು.

ನಮ್ಮದು ಸ್ವಲ್ಪ ತಯಾರಿಕೆ, ಸ್ವಲ್ಪ ಕೊಂಡು ಮಾರುವ ವ್ಯಾಪಾರ. ಅಕೌಂಟ್ಸ್ ಮತ್ತು ಸ್ಟೋರ್ಸ್ ಎರಡೂ ನನ್ನ ಜವಾಬ್ದಾರಿ. ಲೆಕ್ಕ ಒಂದು ಪ್ಯಾಕೇಜಿನಲ್ಲಿ, ಸ್ಟಾಕ್ ಎಕ್ಸೆಲ್‌ನಲ್ಲಿ, ಆರ್ಡರ್‌ಗಳು ಮೇಲ್ ಮತ್ತು ಫೋನಿನಲ್ಲಿ ಇದ್ದವು. ಸಣ್ಣದಿದ್ದಾಗ ಇದು ನಡೆಯುತ್ತದೆ. ಬೆಳೆದಂತೆ ಒಬ್ಬನೇ ಗ್ರಾಹಕ ಮೂರು ಹೆಸರಿನಲ್ಲಿ ಮೂರು ಕಡೆ ಸೇರಿಕೊಳ್ಳುತ್ತಾನೆ. ಸೇಲ್ಸ್‌ನವರು ಇದೆ ಎಂದು ಒಪ್ಪಿಕೊಂಡ ಮಾಲು ಗೋಡೌನಿನಲ್ಲಿ ಇರುವುದಿಲ್ಲ. ಇಷ್ಟಾದರೂ ಇಆರ್‌ಪಿ ಬೇಕೇ ಬೇಕು ಅಂತ ಏನಿಲ್ಲ. ಬರೀ ಲೆಕ್ಕದ ತೊಂದರೆಯಾದರೆ ಒಳ್ಳೆಯ ಅಕೌಂಟಿಂಗ್ ಪ್ಯಾಕೇಜ್ ಸಾಕು. ಸ್ಟಾಕಿನ ಪ್ರತಿ ಓಡಾಟವೂ ಅದೇ ಕ್ಷಣ ಲೆಕ್ಕದಲ್ಲಿ ಕಾಣಬೇಕು ಅನ್ನುವ ಹಂತಕ್ಕೆ ಬಂದಿದ್ದರಿಂದ ನಾವು ಹೊರಟೆವು.

ಮೊದಲು ಒಂದು ವಿಷಯ ಓದಿಕೊಂಡೆ, ಅದು ತುಂಬಾ ಉಪಯೋಗಕ್ಕೆ ಬಂತು. ಈ ಸಾಫ್ಟ್‌ವೇರ್‌ಗಳೆಲ್ಲ ಒಂದೇ ಕಡೆಯಿಂದ ಬೆಳೆದು ಬಂದವಲ್ಲ. 1960ರ ದಶಕದಲ್ಲಿ ಕಾರ್ಖಾನೆಗಳಲ್ಲಿ ಶುರುವಾದದ್ದು ಎಂಆರ್‌ಪಿ, ಅಂದರೆ ಯಾವ ಕಚ್ಚಾ ಮಾಲು ಎಷ್ಟು, ಯಾವಾಗ ಬೇಕು ಎಂದು ಹೇಳುವ ಲೆಕ್ಕಾಚಾರ. ಅದಕ್ಕೆ ಹಣಕಾಸು, ಮಾರಾಟ ಎಲ್ಲ ಸೇರಿದ ಮೇಲೆ 1990ರಲ್ಲಿ ಗಾರ್ಟ್‌ನರ್ ಎಂಬ ಸಂಶೋಧನಾ ಸಂಸ್ಥೆ ಇಆರ್‌ಪಿ ಎಂಬ ಹೆಸರು ಕೊಟ್ಟಿತು. ಇನ್ನು ಕೆಲವು ಲೆಕ್ಕದ ಕಡೆಯಿಂದ ಬಂದವು. ನೆಟ್‌ಸೂಟ್ 1998ರಲ್ಲಿ ನೆಟ್‌ಲೆಡ್ಜರ್ ಎಂಬ ಹೆಸರಿನಲ್ಲಿ ಇಂಟರ್ನೆಟ್ ಮೇಲಿನ ಅಕೌಂಟಿಂಗ್ ಆಗಿ ಶುರುವಾಯಿತು, 2016ರಲ್ಲಿ ಒರಾಕಲ್ ಪಾಲಾಯಿತು. ಮೈಕ್ರೋಸಾಫ್ಟ್‌ನ ಬಿಸಿನೆಸ್ ಸೆಂಟ್ರಲ್‌ನ ಬೇರು ಡೆನ್ಮಾರ್ಕಿನ ನ್ಯಾವಿಷನ್‌ನಲ್ಲಿದೆ. ಓಡೂ 2005ರಲ್ಲಿ ಟೈನಿಇಆರ್‌ಪಿ ಆಗಿತ್ತು. ಎಲ್ಲವೂ ಈಗ ಎಲ್ಲಾ ಕೆಲಸ ಮಾಡುತ್ತವೆ, ನಿಜ. ಆದರೂ ಯಾವ ಭಾಗ ಹಳೆಯದು, ಯಾವ ಭಾಗ ಆಮೇಲೆ ಸೇರಿಸಿದ್ದು ಎಂದು ಪ್ರತಿ ವೆಂಡರ್‌ಗೂ ಕೇಳಿದೆವು. ತಯಾರಿಕೆ ನಮಗೆ ಮುಖ್ಯ. ಅದು ಬೇರೆ ಕಂಪನಿಯ ಆಡ್-ಆನ್ ಆಗಿದ್ದರೆ ಮುಂಚೆಯೇ ಗೊತ್ತಿರಬೇಕಲ್ವಾ?

ಆಮೇಲೆ ಪ್ರತಿ ವಿಭಾಗದವರಿಗೂ ಹೇಳಿದೆ: "ನಿಮಗೆ ತಲೆನೋವು ತಂದ ನಿಜವಾದ ಬಿಲ್ಲು, ಚಲನ್, ಆರ್ಡರ್ ಹುಡುಕಿ ತನ್ನಿ. ಸುಲಭದ್ದು ಬೇಡ." ಬಂದದ್ದನ್ನು ನೋಡಿದಾಗ ನಮ್ಮ ವ್ಯಾಪಾರವನ್ನು ಅಷ್ಟು ಹತ್ತಿರದಿಂದ ನಾನೂ ನೋಡಿರಲಿಲ್ಲ ಅನ್ನಿಸಿತು. ಕಿಲೋ ಲೆಕ್ಕದಲ್ಲಿ ಕೊಂಡು, ಮೀಟರ್ ಲೆಕ್ಕದಲ್ಲಿ ಇಟ್ಟು, ಪೀಸ್ ಲೆಕ್ಕದಲ್ಲಿ ಮಾರುವ ಮಾಲು, ಅದೂ ಒಂದೊಂದು ಲಾಟ್‌ನಲ್ಲಿ ಮೀಟರ್‌ನ ತೂಕ ಬೇರೆ. ಪೂರ್ತಿ ಆರ್ಡರ್‌ಗೆ ಬಿಲ್ಲು ಬಂದು, ಮಾಲು ಮಾತ್ರ ಕಡಿಮೆ ಬಂದು, ಬಂದದ್ದರಲ್ಲೂ ಸ್ವಲ್ಪ ರಿಜೆಕ್ಟ್ ಆದದ್ದು. ಅರ್ಧ ಮಾಲು ಮಾರಿಹೋದ ಮೇಲೆ ಕೈಸೇರಿದ ಸಾಗಣೆ ಮತ್ತು ಸುಂಕದ ಬಿಲ್ಲು. ಆ ಖರ್ಚನ್ನು ಉಳಿದ ಸ್ಟಾಕಿಗೆ ಹಾಕಬೇಕೇ, ಮಾರಿದ್ದಕ್ಕೂ ಹಂಚಬೇಕೇ? ಒಂದು ಕಚ್ಚಾ ಮಾಲಿನ ಲಾಟ್ ಕೆಟ್ಟಿತ್ತು ಎಂದು ಆಮೇಲೆ ತಿಳಿದರೆ ಅದು ಯಾವ ಯಾವ ಗ್ರಾಹಕರಿಗೆ ಹೋಗಿದೆ?

ಇವೆಲ್ಲಕ್ಕಿಂತ ನನಗೆ ದೊಡ್ಡ ಪರೀಕ್ಷೆ ಅನ್ನಿಸಿದ್ದು ಬ್ಯಾಕ್ ಡೇಟ್ ಎಂಟ್ರಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಸೇಲ್ಸ್‌ನವರ ಡೆಮೊದಲ್ಲಿ ಇದು ತಾನಾಗಿ ಎಂದೂ ಬರುವುದಿಲ್ಲ.

ಒಂದು ಐಟಂ 100 ಪೀಸ್ 50ರ ದರದಲ್ಲಿ ಬಂತು ಅನ್ನಿ. ಆಮೇಲೆ ಇನ್ನೂ 100 ಪೀಸ್ 60ರ ದರದಲ್ಲಿ ಬಂತು. 120 ಪೀಸ್ ಮಾರಿದೆವು. ಮೊದಲು ಬಂದದ್ದು ಮೊದಲು ಹೋಗುತ್ತದೆ ಎಂಬ ಫೈಫೊ ಲೆಕ್ಕದಲ್ಲಿ ಮಾರಿದ ಮಾಲಿನ ಖರ್ಚು 6,200. ಸರಾಸರಿ ದರದಲ್ಲಿ 6,600. ಇಲ್ಲಿಯವರೆಗೆ ಯಾವ ಸಾಫ್ಟ್‌ವೇರ್ ಆದರೂ ಸರಿಯಾಗಿ ಹೇಳುತ್ತದೆ. ಈಗ ಎರಡನೇ 100 ಪೀಸ್ ಗೋಡೌನಿಗೆ ಬಂದಿದೆ, ಆದರೆ ಎಂಟ್ರಿ ಆಗಿಲ್ಲ. ಅಷ್ಟರಲ್ಲಿ 120 ಪೀಸ್ ಗಾಡಿಗೆ ಹತ್ತಿತು. ಪುಸ್ತಕದಲ್ಲಿ ಸ್ಟಾಕ್ ಮೈನಸ್ 20. ಸಾಫ್ಟ್‌ವೇರ್ ಇದಕ್ಕೆ ಬಿಟ್ಟರೆ, ಆ 20 ಪೀಸಿಗೂ ತನಗೆ ಗೊತ್ತಿರುವ 50ರ ದರವನ್ನೇ ಹಾಕಿ 6,000 ಎಂದು ಬರೆದುಕೊಳ್ಳಬಹುದು. ಮರುದಿನ ಹಿಂದಿನ ತಾರೀಖು ಹಾಕಿ ಆ 100 ಪೀಸನ್ನು ಎಂಟ್ರಿ ಮಾಡುತ್ತಾರೆ. ಈಗ 200ರ ವ್ಯತ್ಯಾಸ ಎಲ್ಲಿಗೆ ಹೋಯಿತು?

ಒಂದು ಥರದ ಸಾಫ್ಟ್‌ವೇರ್ ಹಿಂದಕ್ಕೆ ಹೋಗಿ ಎಲ್ಲವನ್ನೂ ಮತ್ತೆ ಲೆಕ್ಕ ಹಾಕುತ್ತದೆ. ಇನ್ನೊಂದು ಹಳೆಯದನ್ನು ಮುಟ್ಟದೆ ವ್ಯತ್ಯಾಸವನ್ನು ಪ್ರತ್ಯೇಕ ಖಾತೆಗೆ ಹಾಕುತ್ತದೆ. ಮತ್ತೊಂದು ಮೈನಸ್ ಸ್ಟಾಕಿಗೆ ಅವಕಾಶವನ್ನೇ ಕೊಡುವುದಿಲ್ಲ, ಗಾಡಿ ನಿಂತೇ ಇರಬೇಕು. ಮೂರೂ ತಪ್ಪಲ್ಲ. ಆದರೆ ಮೊದಲನೆಯದರಲ್ಲಿ ನೀವು ಈಗಾಗಲೇ ನೋಡಿ ಒಪ್ಪಿದ ತಿಂಗಳ ಲಾಭದ ಅಂಕಿ ಬದಲಾಗಬಹುದು. ಮೂರನೆಯದರಲ್ಲಿ ಗೋಡೌನಿನ ಶಿಸ್ತು ಮೊದಲ ದಿನದಿಂದಲೇ ಗಟ್ಟಿ ಇರಬೇಕು. ನಿಮ್ಮ ಜನಕ್ಕೆ ಯಾವುದು ಹೊಂದುತ್ತದೆ ಅನ್ನುವುದು ನಿಮ್ಮ ತೀರ್ಮಾನ. ನಮಗೆ ಎರಡನೆಯದು ಹಿಡಿಸಿತು.

ಈ ವ್ಯವಹಾರಗಳನ್ನೆಲ್ಲ ಬರೆದು, ಗ್ರಾಹಕರ ಹೆಸರು ತೆಗೆದು, ಪ್ರತಿ ವೆಂಡರ್‌ಗೂ ಮುಂಚಿತವಾಗಿಯೇ ಕಳಿಸಿದೆವು. ಸ್ಲೈಡ್ ಬೇಡ, ಸಾಫ್ಟ್‌ವೇರ್ ತೆರೆದು ನಮ್ಮ ಮುಂದೆಯೇ ಮಾಡಿ ತೋರಿಸಿ ಎಂದೆವು. ನೋಡಲು ಕೂತವರು ಆ ಕೆಲಸವನ್ನು ದಿನಾ ಮಾಡುವವರು. ಮಾಲೀಕರು ಕೂಡ ಹಿಂದಿನ ಸಾಲಿನಲ್ಲಿದ್ದರು. ಒಂದು ಡೆಮೊದಲ್ಲಿ ಮಾಲು ಒಳಗೆ ತೆಗೆದುಕೊಳ್ಳಲು ಸ್ಕ್ರೀನ್ ಮೇಲೆ ಸ್ಕ್ರೀನ್ ತೆರೆಯುತ್ತಾ ಹೋದರು. ನಮ್ಮ ಸ್ಟೋರ್ ಕೀಪರ್ ನನ್ನ ಕಡೆ ತಿರುಗಿ, "ಸರ್, ಗಾಡಿ ನಿಂತಿರುವಾಗ ಇಷ್ಟೆಲ್ಲ ತುಂಬಕ್ಕೆ ಆಗಲ್ಲ. ನಾವು ಚೀಟಿಯಲ್ಲೇ ಬರೆದಿಟ್ಟು ಸಂಜೆ ಹಾಕ್ತೀವಿ" ಎಂದರು. ಹಾಗೆ ಸಂಜೆ ಹಾಕುವುದಾದರೆ ಮೈನಸ್ ಸ್ಟಾಕ್ ದಿನಾ ಬರುತ್ತದೆ. ಆ ಒಂದು ಮಾತು ನಮಗೆ ಎಷ್ಟೋ ಪುಟಗಳ ಪ್ರಸ್ತಾವನೆಗಿಂತ ಜಾಸ್ತಿ ಹೇಳಿತು.

ಉತ್ತರಗಳನ್ನು ಹೀಗೆ ಬರೆದುಕೊಂಡೆವು: ಈಗಲೇ ಆಗುತ್ತದೆ, ಸೆಟ್ಟಿಂಗ್ ಬದಲಿಸಿದರೆ ಆಗುತ್ತದೆ, ಕೋಡ್ ಬರೆಯಬೇಕು, ಮುಂದಿನ ವರ್ಷನ್‌ನಲ್ಲಿ ಬರುತ್ತದೆ. ಕೊನೆಯದನ್ನು ಇಲ್ಲ ಎಂದೇ ಲೆಕ್ಕಕ್ಕೆ ತೆಗೆದುಕೊಂಡೆವು.

ಕೋಡ್ ಬರೆಯಬೇಕು ಅನ್ನುವಲ್ಲಿ ನಿಂತು ಯೋಚಿಸಬೇಕು. ಜರ್ಮನಿಯ ದೊಡ್ಡ ಚಿಲ್ಲರೆ ಮಾರಾಟ ಕಂಪನಿ ಲಿಡ್ಲ್ ಸುಮಾರು 50 ಕೋಟಿ ಯೂರೋ ಖರ್ಚಾದ ಮೇಲೆ 2018ರಲ್ಲಿ ಎಸ್‌ಎಪಿ ಎಂಬ ದೊಡ್ಡ ಸಾಫ್ಟ್‌ವೇರ್ ಕಂಪನಿಯ ಇಆರ್‌ಪಿ ಹಾಕಿಸುವ ತನ್ನ ಯೋಜನೆಯನ್ನು ಕೈಬಿಟ್ಟಿತು. ಆಗಿನ ವರದಿಗಳು ಹೇಳಿದ ಮುಖ್ಯ ಕಾರಣಗಳಲ್ಲೊಂದು ಇದು: ಲಿಡ್ಲ್ ಸ್ಟಾಕನ್ನು ಕೊಂಡ ಬೆಲೆಯಲ್ಲಿ ಲೆಕ್ಕ ಇಡುತ್ತಿತ್ತು, ಆ ಸಾಫ್ಟ್‌ವೇರಿನ ಮೂಲ ರೂಪ ಮಾರುವ ಬೆಲೆಯನ್ನು ಹಿಡಿಯುತ್ತಿತ್ತು. ಕಂಪನಿ ತನ್ನ ಪದ್ಧತಿ ಬಿಡಲಿಲ್ಲ, ಸಾಫ್ಟ್‌ವೇರನ್ನೇ ಬದಲಿಸಲು ಹೊರಟಿತು. ನಾವು ಅದರ ಮುಂದೆ ಎಲ್ಲಿಯ ಲೆಕ್ಕ? ಆದರೂ ಪ್ರಶ್ನೆ ಅದೇ. ಗ್ರಾಹಕ ನಮ್ಮ ಹತ್ತಿರ ಬರಲು ಕಾರಣವಾದ ಪದ್ಧತಿಯಾದರೆ, ಅಥವಾ ಕಾನೂನು ಕೇಳುವುದಾದರೆ, ಕೋಡ್ ಬರೆಸೋಣ. ಸುಮ್ನೆ ರೂಢಿಯಾದರೆ ನಾವೇ ಬದಲಾಗೋಣ ಎಂದುಕೊಂಡೆವು. ಖರೀದಿ ಆರ್ಡರ್‌ಗೆ ಸಾಲು ಸಾಲು ಸಹಿ ಬೇಕಿದ್ದದ್ದು ರೂಢಿ, ಅದನ್ನು ಬಿಟ್ಟೆವು. ಲಾಟ್‌ನ ಗುಣಮಟ್ಟ ನೋಡಿ ದರ ಹೇಳುವುದು ನಮ್ಮ ವ್ಯಾಪಾರದ ಜೀವ, ಅದನ್ನು ಬಿಡಲಿಲ್ಲ. ಬರೆಸಿದ ಪ್ರತಿ ಕೋಡನ್ನೂ ಪ್ರತಿ ಅಪ್‌ಗ್ರೇಡ್‌ನಲ್ಲಿ ಮತ್ತೆ ಪರೀಕ್ಷೆ ಮಾಡಬೇಕಾಗುತ್ತದೆ, ಆ ಖರ್ಚು ಎಂದೂ ಮುಗಿಯುವುದಿಲ್ಲ.

ಖರ್ಚನ್ನು ಐದು ವರ್ಷಕ್ಕೆ ಹಾಕಿ ನೋಡಿದೆವು, ಅದೂ ಬಳಸುವವರ ಸಂಖ್ಯೆ ಎರಡು ಪಟ್ಟಾಗುತ್ತದೆ ಎಂದುಕೊಂಡು. ಬೆಳೆಯುವ ವ್ಯಾಪಾರಕ್ಕೆ ಇದು ತುಂಬಾ ಮುಖ್ಯ. ಬಿಸಿನೆಸ್ ಸೆಂಟ್ರಲ್‌ನಂಥವುಗಳಲ್ಲಿ ಒಬ್ಬೊಬ್ಬ ಬಳಕೆದಾರನಿಗೂ ಲೈಸೆನ್ಸ್ ಬೇಕು, ತಯಾರಿಕೆಯ ಭಾಗ ಎಸೆನ್ಷಿಯಲ್ಸ್ ಎಂಬ ಲೈಸೆನ್ಸ್‌ನಲ್ಲಿ ಸಿಗುವುದಿಲ್ಲ, ಪ್ರೀಮಿಯಂ ಲೈಸೆನ್ಸ್ ತೆಗೆದುಕೊಳ್ಳಬೇಕು. ಓಡೂ ಕಮ್ಯುನಿಟಿ ಆವೃತ್ತಿ ಉಚಿತ, ಆದರೆ ಪೂರ್ತಿ ಅಕೌಂಟಿಂಗ್ ಇರುವುದು ಹಣ ಕೊಡುವ ಎಂಟರ್‌ಪ್ರೈಸ್‌ನಲ್ಲಿ. ಇಆರ್‌ಪಿನೆಕ್ಸ್ಟ್ ಓಪನ್ ಸೋರ್ಸ್, ಲೈಸೆನ್ಸ್ ಶುಲ್ಕವಿಲ್ಲ. ಆದರೆ ಸರ್ವರ್, ಬ್ಯಾಕಪ್, ಅದನ್ನು ಬಲ್ಲ ಜನ, ಇವು ಉಚಿತವಲ್ಲ. ಒಂದೇ ಸಲ ಕೊಳ್ಳುವ ಲೈಸೆನ್ಸ್ ಆದರೆ ವರ್ಷಾ ವರ್ಷಾ ನಿರ್ವಹಣೆಗೆ ಬೆಲೆಯ ಸುಮಾರು ಐದನೇ ಒಂದು ಭಾಗ ಕಟ್ಟುವುದು ಸಾಮಾನ್ಯ. ಇದಕ್ಕೆ ಹಳೆಯ ಡೇಟಾ ಸಾಗಿಸುವ, ತರಬೇತಿ ಕೊಡುವ, ಟೆಸ್ಟ್ ಸರ್ವರ್ ಇಡುವ ಖರ್ಚು ಸೇರಿಸಿದರೆ, ಅಗ್ಗ ಅನ್ನಿಸಿದ್ದು ಮತ್ತು ದುಬಾರಿ ಅನ್ನಿಸಿದ್ದು ಜಾಗ ಬದಲಿಸಬಹುದು.

ಸಾಫ್ಟ್‌ವೇರಿನ ಆಯುಸ್ಸನ್ನೂ ಕೇಳಿ. ದೊಡ್ಡ ಹೆಸರು ಇದ್ದರೆ ಸಾಲದು. ಎಸ್‌ಎಪಿಯ ಹಳೆಯ ಇಆರ್‌ಪಿಯಾದ ಇಸಿಸಿಯ ಕೊನೆಯ ಆವೃತ್ತಿಗಳಿಗೂ ಮಾಮೂಲಿ ಬೆಂಬಲ 2027ರ ಕೊನೆಗೆ ಮುಗಿಯುತ್ತದೆ. ಮೈಕ್ರೋಸಾಫ್ಟ್‌ನ ಇನ್ನೊಂದು ಹಳೆಯ ಇಆರ್‌ಪಿ ಡೈನಾಮಿಕ್ಸ್ ಜಿಪಿಗೆ 2029ರ ಕೊನೆಗೆ. ಇಂದು ಕೊಳ್ಳುವವರು ತಾವು ಕೊಳ್ಳುತ್ತಿರುವುದು ಆ ಕಂಪನಿಯ ಮುಂದಿನ ಉತ್ಪನ್ನವೋ, ಹಿಂದಿನದೋ ತಿಳಿದುಕೊಳ್ಳಬೇಕು.

ಕೊನೆಗೆ ಎರಡು ಉಳಿದವು, ಅಂಕಗಳಲ್ಲಿ ಹೆಚ್ಚು ಕಡಿಮೆ ಸಮ. ಅಲ್ಲಿ ತೀರ್ಮಾನ ಮಾಡಿಸಿದ್ದು ಇಂಪ್ಲಿಮೆಂಟೇಶನ್ ಪಾರ್ಟ್‌ನರ್, ಅಂದರೆ ಸಾಫ್ಟ್‌ವೇರನ್ನು ನಮ್ಮಲ್ಲಿ ಹೊಂದಿಸಿ ಕೊಡುವ ಕಂಪನಿ. ಸೇಲ್ಸ್‌ನವರನ್ನು ಬಿಟ್ಟು, ನಮ್ಮ ಜೊತೆ ತಿಂಗಳುಗಟ್ಟಲೆ ಕೂರುವ ಕನ್ಸಲ್ಟೆಂಟ್ ಯಾರೋ ಅವರನ್ನೇ ಕಳಿಸಿ ಎಂದು ಕೇಳಿದೆವು. ಒಂದು ಕಡೆಯವರು ಯಾರೆಂದು ಹೇಳಲೇ ಇಲ್ಲ. ಇನ್ನೊಂದು ಕಡೆಯಿಂದ ಬಂದವರು ನಮ್ಮ ಪಟ್ಟಿಯ ಕೆಲವು ವ್ಯವಹಾರಗಳನ್ನು ತೋರಿಸಿ, "ಇದು ನಮ್ಮಲ್ಲಿ ಆಗುವುದಿಲ್ಲ, ಹೀಗೆ ಮಾಡಿಕೊಳ್ಳಬೇಕಾಗುತ್ತದೆ" ಎಂದು ನೇರವಾಗಿ ಹೇಳಿದರು. ಅವರ ಹಳೆಯ ಗ್ರಾಹಕರಿಗೆ ಫೋನ್ ಮಾಡಿದಾಗ ನಾನು ಚೆನ್ನಾಗಿದೆಯಾ ಎಂದು ಕೇಳಲಿಲ್ಲ. "ಗೋ-ಲೈವ್ ಆದ ಮೇಲೆ, ಅಂದರೆ ಹೊಸ ಸಾಫ್ಟ್‌ವೇರ್‌ನಲ್ಲಿ ನಿಜವಾದ ಕೆಲಸ ಶುರುವಾದ ಮೇಲೆ, ಮೊದಲ ತಿಂಗಳ ಲೆಕ್ಕ ಮುಚ್ಚುವಾಗ ಏನಾಯಿತು, ಆಗ ನಿಮ್ಮ ಜೊತೆ ಯಾರಿದ್ದರು?" ಎಂದು ಕೇಳಿದೆ. ಈ ಪ್ರಶ್ನೆಗೆ ಜನ ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಯಾವ ಸಾಫ್ಟ್‌ವೇರ್ ಆರಿಸಿದೆವು ಎಂದು ಬೇಕಂತಲೇ ಬರೆಯುತ್ತಿಲ್ಲ. ಅದೇ ಸಾಫ್ಟ್‌ವೇರ್ ಬೇರೆ ಪಾರ್ಟ್‌ನರ್ ಕೈಯಲ್ಲಿ ನಿಮಗೆ ಬೇರೆಯೇ ಅನುಭವ ಕೊಡಬಹುದು.

ಒಪ್ಪಂದದಲ್ಲಿ ನಾವು ಪಟ್ಟು ಹಿಡಿದದ್ದು ಒಂದಕ್ಕೆ. ನಾವು ಬಿಟ್ಟು ಹೋಗುವ ದಿನ ಬಂದರೆ ಎಲ್ಲಾ ಡೇಟಾ, ಜೋಡಿಸಿದ ಫೈಲುಗಳ ಸಮೇತ, ಬೇರೆ ಕಡೆ ಓದಬಹುದಾದ ರೂಪದಲ್ಲಿ ಕೊಡಬೇಕು. ಬರೆಸಿದ ಕೋಡ್ ಯಾರದು ಅನ್ನುವುದೂ ಅದರಲ್ಲೇ ಬರಲಿ.

ಆಯ್ಕೆ ಮುಗಿಯುವ ಮುಂಚೆಯೇ ಶುರು ಮಾಡಬಹುದಾದ ಕೆಲಸ ಒಂದಿದೆ: ಐಟಂ ಮಾಸ್ಟರ್, ಅಂದರೆ ಎಲ್ಲಾ ಮಾಲಿನ ಹೆಸರು ಮತ್ತು ಕೋಡ್‌ಗಳ ಪಟ್ಟಿ, ಶುದ್ಧ ಮಾಡುವುದು. ಯಾವ ಸಾಫ್ಟ್‌ವೇರ್ ಬಂದರೂ ಇದು ಬೇಕು. ಒಂದೇ ಬೋಲ್ಟ್ ನಮ್ಮಲ್ಲಿ ಅಳತೆ ಮೊದಲು ಬರೆದು ಒಂದು ಕೋಡ್, ಹೆಸರು ಮೊದಲು ಬರೆದು ಇನ್ನೊಂದು, ಸಪ್ಲೈಯರ್ ಹೆಸರು ಸೇರಿಸಿ ಮತ್ತೊಂದು ಆಗಿತ್ತು. ಸ್ಟೋರ್ಸ್, ಖರೀದಿ, ತಯಾರಿಕೆ ಮೂರೂ ಕಡೆಯವರು ಒಟ್ಟಿಗೆ ಕೂತು ಒಂದೊಂದೇ ಕೋಡ್ ಉಳಿಸಿದರು. ಕಂಪ್ಯೂಟರ್ ಗೊತ್ತಿರುವವರಿಗಿಂತ ಮಾಲು ಗೊತ್ತಿರುವವರು ಇದಕ್ಕೆ ಬೇಕು.

ಯಾವಾಗ ಶುರು ಮಾಡಬೇಕು ಅನ್ನುವುದಕ್ಕೆ ಅಮೆರಿಕದ ಚಾಕೊಲೇಟ್ ಕಂಪನಿ ಹರ್ಷೀಸ್ ನಮ್ಮ ಕಣ್ಣ ಮುಂದಿತ್ತು. 1999ರಲ್ಲಿ ಅವರು ಹಲವು ಸಿಸ್ಟಂಗಳನ್ನು ಒಟ್ಟಿಗೆ ಬದಲಿಸಿದರು, ಹ್ಯಾಲೋವೀನ್ ಹಬ್ಬದ ಆರ್ಡರ್‌ಗಳು ಬರುವ ಹೊತ್ತಿಗೆ ಸರಿಯಾಗಿ. ಗೋಡೌನಿನಲ್ಲಿ ಮಾಲಿದ್ದೂ ಸುಮಾರು 10 ಕೋಟಿ ಡಾಲರ್‌ನ ಆರ್ಡರ್‌ಗಳು ಹೊರಡಲಿಲ್ಲ. ನಾವು ವ್ಯಾಪಾರ ತಣ್ಣಗಿರುವ ತಿಂಗಳ ಮೊದಲ ದಿನ ಇಟ್ಟುಕೊಂಡೆವು. ಅಕೌಂಟ್ಸ್, ಖರೀದಿ, ಸ್ಟಾಕ್ ಒಟ್ಟಿಗೆ ಬಂದವು. ಸ್ಟಾಕಿನ ಬೆಲೆ ಲೆಕ್ಕಕ್ಕೆ ಕೂಡಲೇ ಹೋಗಬೇಕಾದ್ದರಿಂದ ಈ ಮೂರನ್ನು ಬೇರೆ ಮಾಡಲು ಬರುವುದಿಲ್ಲ. ಸಂಬಳದ ಲೆಕ್ಕವನ್ನು ಹಳೆಯ ಕಡೆಯೇ ಬಿಟ್ಟೆವು, ಅದು ಅಲ್ಲಿ ಚೆನ್ನಾಗಿ ನಡೆಯುತ್ತಿತ್ತು. ತಯಾರಿಕೆಯ ಭಾಗವನ್ನು ಈಗ ಸೇರಿಸುತ್ತಿದ್ದೇವೆ. ಯಾವ ಉತ್ಪನ್ನಕ್ಕೆ ಯಾವ ಮಾಲು ಎಷ್ಟು ಎಂಬ ಪಟ್ಟಿಯನ್ನು ಫ್ಲೋರಿನಲ್ಲಿ ನಿಂತು ತೂಗಿ ನೋಡಿ ತುಂಬುತ್ತಿದ್ದೇವೆ, ಡ್ರಾಯಿಂಗಿನಲ್ಲಿ ಬರೆದಿರುವ ಅಳತೆಗೂ ನಿಜವಾಗಿ ಹೋಗುವ ಮಾಲಿಗೂ ಹಲವು ಕಡೆ ಹೊಂದಾಣಿಕೆ ಆಗುತ್ತಿಲ್ಲ.