ತಿನ್ನಬಾರದ ತಿಂಡಿ: ಕ್ರಿಸ್‌ಮಸ್ ಮರಕ್ಕೆ ಕೈಯಾರೆ ಮಾಡುವ ಸಿಹಿ ಅಲಂಕಾರ

ಬಿಸ್ಕತ್ತು, ಡೋನಟ್, ಕಪ್‌ಕೇಕ್, ನಡುವೆ ಕೆನೆಯಿಟ್ಟ ಪುಟ್ಟ ಜೋಡಿ ಬಿಸ್ಕತ್ತಾದ ಮ್ಯಾಕರೋನ್‌ಗಳಂಥ ಅಲಂಕಾರ ಮಾಡಲು ಕೂತವರೆಲ್ಲ ಮೊದಲು ತಲೆ ಕೆಡಿಸಿಕೊಳ್ಳುವುದು ಆಕಾರಕ್ಕೆ. ಆಕಾರವನ್ನು ಅಚ್ಚು ನೋಡಿಕೊಳ್ಳುತ್ತದೆ, ಬಿಡಿ. ನೋಡಿದವರ ಬಾಯಲ್ಲಿ ನೀರೂರಬೇಕಾದರೆ ಅಂಚು ಕಂದಾಗಿರಬೇಕು, ಐಸಿಂಗ್ ದಪ್ಪವಾಗಿ ಉಬ್ಬಿರಬೇಕು. ಮುಂದಿನ ವರ್ಷಕ್ಕೂ ಉಳಿಯಬೇಕಾದರೆ ಒಳಗಿನವರೆಗೆ ಒಣಗಿರಬೇಕು. ಹಾಳಾದ ಅಲಂಕಾರಗಳಲ್ಲಿ ಹೆಚ್ಚಿನವು ಅವಸರದಲ್ಲಿ ಒಣಗಿಸಿದವು. ಹಾಗಾಗಿ ನವೆಂಬರ್ ಕೊನೆಗೇ ಹಿಟ್ಟು ಕಲಸಿಬಿಡಿ. ಹಬ್ಬಕ್ಕೆ ನಾಲ್ಕು ದಿನ ಇದೆ ಎನ್ನುವಾಗ ಶುರು ಮಾಡುವುದಾದರೆ ಫೆಲ್ಟ್ ಬಟ್ಟೆಯಲ್ಲಿ (ನೇಯದೆ ಒತ್ತಿ ಮಾಡಿದ ದಪ್ಪ ಬಟ್ಟೆ) ಹೊಲಿಯುವುದೇ ಜಾಣತನ.

ಬಿಸ್ಕತ್ತು, ಡೋನಟ್‌ಗಳಿಗೆ ಉಪ್ಪು ಹಿಟ್ಟಿಗಿಂತ ಸುಲಭದ್ದು ಇನ್ನೊಂದಿಲ್ಲ. 2 ಬಟ್ಟಲು ಮೈದಾ, 1 ಬಟ್ಟಲು ನುಣುಪಾದ ಪುಡಿ ಉಪ್ಪು, ಮುಕ್ಕಾಲು ಬಟ್ಟಲು ಬೆಚ್ಚಗಿನ ನೀರು. ಕಲ್ಲುಪ್ಪು ಬೇಡ, ಅದರ ಹರಳು ಮೇಲ್ಮೈಯಲ್ಲಿ ಗುಳಿ ಬೀಳಿಸುತ್ತದೆ. ಬೇಕಿಂಗ್ ಪೌಡರ್ ಬೆರೆತ ಹಿಟ್ಟೂ ಬೇಡ, ಉಬ್ಬಿ ಆಕಾರ ಕೆಡುತ್ತದೆ. ನೀರನ್ನು ಒಮ್ಮೆಲೇ ಸುರಿಯದೆ ಸ್ವಲ್ಪ ಸ್ವಲ್ಪವೇ ಹಾಕುತ್ತಾ 8-10 ನಿಮಿಷ ಚೆನ್ನಾಗಿ ನಾದಿ. ಹಿಟ್ಟು ಕಿವಿಯ ಹಾಲೆಯಷ್ಟು ಮೆತ್ತಗಾಗಬೇಕು, ಬೆರಳಿಗೆ ಅಂಟಬಾರದು. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ಈ ಅರ್ಧ ಗಂಟೆ ತಪ್ಪಿಸಿದರೆ ಲಟ್ಟಿಸಿದ ಹಿಟ್ಟು ಮತ್ತೆ ಎಳೆದುಕೊಂಡು ದುಂಡಗಿದ್ದದ್ದು ಮೊಟ್ಟೆಯಾಕಾರವಾಗುತ್ತದೆ.

ಬೇಕಿಂಗ್ ಕಾಗದದ ಮೇಲೇ 5-6 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, ಅಲ್ಲೇ ಕತ್ತರಿಸಿ, ಸುತ್ತಲಿನ ಹಿಟ್ಟನ್ನು ತೆಗೆಯಿರಿ. ಕತ್ತರಿಸಿದ್ದನ್ನು ಎತ್ತಿ ಇಡಲು ಹೋದರೆ ಸೊಟ್ಟಗಾಗುವುದು ಖಂಡಿತ. 7 ಸೆಂಟಿಮೀಟರಿನ ಅಚ್ಚಿಗೆ ಇಷ್ಟು ಹಿಟ್ಟಿನಲ್ಲಿ ಸುಮಾರು 20 ಬಿಲ್ಲೆ ಬರುತ್ತವೆ. ದಾರದ ತೂತನ್ನು ಈಗಲೇ ಸ್ಟ್ರಾದಿಂದ ಮಾಡಬೇಕು, ಅಂಚಿನಿಂದ ಕನಿಷ್ಠ 8 ಮಿಲಿಮೀಟರ್ ಒಳಗೆ. ಅದಕ್ಕಿಂತ ಅಂಚಿಗೆ ಬಂದರೆ ಒಣಗಿದ ಮೇಲೆ ಅಲ್ಲೇ ಮುರಿಯುತ್ತದೆ. ಒಂದೇ ತೂತಿನ ಬಿಲ್ಲೆ ದಾರದ ತುದಿಯಲ್ಲಿ ತಿರುಗಿ ತಿರುಗಿ ಬೆನ್ನು ತೋರಿಸುತ್ತದೆ. 2 ಸೆಂಟಿಮೀಟರ್ ಅಂತರದಲ್ಲಿ ಎರಡು ತೂತು ಮಾಡಿ, ಎರಡರಲ್ಲೂ ರಿಬ್ಬನ್ ಪೋಣಿಸಿದರೆ ಮುಖ ಮುಂದಕ್ಕೇ ನಿಲ್ಲುತ್ತದೆ. ಡೋನಟ್‌ಗೆ ಈ ತಾಪತ್ರಯವಿಲ್ಲ, ಅದರ ನಡುವಿನ ತೂತೇ ಸಾಕು.

ಓವನ್ 100 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟು ಎರಡೂವರೆಯಿಂದ ಮೂರು ಗಂಟೆ ಬಿಡಿ. ಇದು ಬೇಯಿಸುವ ಕೆಲಸವಲ್ಲ, ನೀರು ಇಂಗಿಸುವ ಕೆಲಸ. ಬೇಗ ಮುಗಿಯಲಿ ಎಂದು 160ಕ್ಕೆ ಏರಿಸಿದರೆ ಮೇಲಿನ ಪದರ ಮೊದಲು ಗಟ್ಟಿಯಾಗುತ್ತದೆ, ಒಳಗಿನ ನೀರು ಹಬೆಯಾಗಿ ನಡುವೆ ಗುಳ್ಳೆ ಎಬ್ಬಿಸುತ್ತದೆ. ಮೊದಲ ಗಂಟೆ ಕಳೆದ ಮೇಲೆ ತಿರುವಿ ಹಾಕಿ, ತೂತು ಕಿರಿದಾಗಿದ್ದರೆ ಹಲ್ಲುಕಡ್ಡಿಯಿಂದ ಬಿಡಿಸಿ. ಆರಿಸಿದ ತಕ್ಷಣ ಹೊರಗೆ ತೆಗೆಯಬೇಡಿ. ಬಾಗಿಲು ಸ್ವಲ್ಪ ತೆರೆದು ಓವನ್ ಒಳಗೇ ತಣಿಯಲು ಬಿಟ್ಟರೆ ಕೂದಲೆಳೆಯ ಬಿರುಕು ಬರುವುದು ಕಡಿಮೆ. ಒಣಗಿತೋ ಇಲ್ಲವೋ ಎಂದು ಬೆರಳಿನಿಂದ ಒತ್ತಿ ತಿಳಿಯಲಾಗದು, ಹೊರಗೆ ಕಲ್ಲಿನಂತಿದ್ದು ಒಳಗೆ ಹಸಿಯಾಗಿರಬಹುದು. ಅಡುಗೆಮನೆಯ ತಕ್ಕಡಿಯಲ್ಲಿ ಒಂದನ್ನು ತೂಗಿ ಮತ್ತೆ ಅರ್ಧ ಗಂಟೆ ಓವನ್‌ನಲ್ಲಿಡಿ. ತೂಕ ಇಳಿಯದಿದ್ದರೆ ಮಾತ್ರ ಒಣಗಿದೆ ಎಂದು ಅರ್ಥ. ಮೈಕ್ರೋವೇವ್‌ನ ಗೊಡವೆಗೆ ಹೋಗಲೇಬೇಡಿ, ಅಲ್ಲಲ್ಲಿ ಸುಟ್ಟು ಅಲ್ಲಲ್ಲಿ ಉಬ್ಬುತ್ತದೆ.

ಸಕ್ಕರೆ ಬಿಸ್ಕತ್ತಿನಂತೆ ಅಚ್ಚ ಬಿಳಿ ಬೇಕೆಂದರೆ ಉಪ್ಪು ಹಿಟ್ಟಿನಿಂದ ಆಗದು, ಅದರ ಬಣ್ಣ ಮಾಸಲು. ಆಗ 2 ಬಟ್ಟಲು ಅಡುಗೆ ಸೋಡಾ, 1 ಬಟ್ಟಲು ಕಾರ್ನ್‌ಫ್ಲೋರ್, ಒಂದೂಕಾಲು ಬಟ್ಟಲು ನೀರು ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈ ಬಿಡದೆ ಕಲಕಿ. ಮೊದಲೆಲ್ಲ ನೀರಾಗಿಯೇ ಇರುತ್ತದೆ, ನಂತರ ಇದ್ದಕ್ಕಿದ್ದಂತೆ ಗಟ್ಟಿಯಾಗಿ ಪಾತ್ರೆಯ ತಳ ಬಿಡುತ್ತದೆ. ಆ ಕ್ಷಣಕ್ಕೇ ಇಳಿಸಿ. ಒಂದು ನಿಮಿಷ ಹೆಚ್ಚಾದರೂ ಪುಡಿಪುಡಿಯಾಗಿ ಲಟ್ಟಿಸುವಾಗ ಅಂಚು ಸೀಳುತ್ತದೆ. ಒದ್ದೆ ಬಟ್ಟೆ ಮುಚ್ಚಿ ಆರಿಸಿ, ನಾದಿ, ಕತ್ತರಿಸಿ, ತಂತಿ ಜಾಲರಿಯ ಮೇಲೆ ಗಾಳಿಯಲ್ಲೇ 24ರಿಂದ 48 ಗಂಟೆ ಒಣಗಿಸಿ, ನಡುನಡುವೆ ತಿರುವುತ್ತಿರಿ. ಒಂದೇ ಮಗ್ಗುಲಲ್ಲಿ ಬಿಟ್ಟರೆ ಹಪ್ಪಳದ ಹಾಗೆ ಬಾಗುತ್ತದೆ.

ಜಿಂಜರ್‌ಬ್ರೆಡ್ ಬೊಂಬೆಗಳಿಗಾದರೆ ಬಣ್ಣವೇ ಬೇಡ. 1 ಬಟ್ಟಲು ದಾಲ್ಚಿನ್ನಿ ಪುಡಿಗೆ ಮುಕ್ಕಾಲು ಬಟ್ಟಲು ಬೇಯಿಸಿ ಅರೆದ ಸೇಬು ಸೇರಿಸಿ ಕಲಸಿದರೆ ಕಂದು ಬಣ್ಣದ ಹಿಟ್ಟು ತಯಾರು. ಮೇಲೆ ಉದುರಿಸಿಕೊಳ್ಳಲು ಮೈದಾ ಬೇಡ, ಬಿಳಿ ಕಲೆ ಉಳಿಯುತ್ತದೆ, ದಾಲ್ಚಿನ್ನಿ ಪುಡಿಯನ್ನೇ ಬಳಸಿ. 95 ಡಿಗ್ರಿಯಲ್ಲಿ ಸುಮಾರು ಎರಡು ಗಂಟೆ. ಇದಕ್ಕೆ ವಾರ್ನಿಷ್ ಬಳಿದರೆ ಪರಿಮಳವೆಲ್ಲ ಒಳಗೇ ಉಳಿದುಬಿಡುತ್ತದೆ, ಹಾಗೇ ಬಿಡಿ.

ಇನ್ನು ಬಣ್ಣ. ಇಡೀ ಬಿಲ್ಲೆಗೆ ಒಂದೇ ಕಂದು ಬಳಿದರೆ ಅದು ಮರದ ತುಂಡಿನಂತೆ ಕಾಣುತ್ತದೆ. ನಿಜವಾದ ಬಿಸ್ಕತ್ತಿನಲ್ಲಿ ನಡುಭಾಗ ತಿಳಿ, ಅಂಚು ಗಾಢ. ಏಕೆಂದರೆ ಅಂಚಿಗೇ ಮೊದಲು ಶಾಖ ತಾಗುತ್ತದೆ. ಅದನ್ನೇ ಅನುಸರಿಸಿ. ಒಣ ಪೇಸ್ಟಲ್ ಕಡ್ಡಿಯನ್ನು ಬ್ಲೇಡಿನಿಂದ ಹೆರೆದು ಪುಡಿ ಮಾಡಿ, ಮೆತ್ತನೆಯ ಕುಂಚದಲ್ಲಿ ಮೊದಲು ತಿಳಿ ಹಳದಿಗಂದು ಇಡೀ ಮೇಲ್ಮೈಗೆ, ನಂತರ ಕೆಂಗಂದು ಅಂಚಿನ ಒಂದು ಸೆಂಟಿಮೀಟರಿಗೆ, ಕೊನೆಗೆ ಗಾಢ ಕಂದು ಅಂಚಿನ ತುದಿಗೆ ಮತ್ತು ಉಬ್ಬಿದ ಜಾಗಗಳಿಗಷ್ಟೇ ಸವರಿ. ಡೋನಟ್‌ನ ನಡುಸೊಂಟದಲ್ಲಿ ಒಂದು ತಿಳಿ ಪಟ್ಟಿ ಬಿಡುವುದನ್ನು ಮರೆಯಬೇಡಿ. ಎಣ್ಣೆಯಲ್ಲಿ ತೇಲುವಾಗ ಮುಳುಗದ ಭಾಗ ಅದು, ಆ ಪಟ್ಟಿಯಿಲ್ಲದ ಡೋನಟ್ ಬಳೆಯಂತಿರುತ್ತದೆ. ಹಿಟ್ಟು ಹಸಿಯಿರುವಾಗಲೇ ಹಳೆಯ ಟೂತ್‌ಬ್ರಷ್‌ನಿಂದಲೋ ಮುದುರಿದ ಅಲ್ಯುಮಿನಿಯಂ ಹಾಳೆಯ ಉಂಡೆಯಿಂದಲೋ ಒತ್ತಿದ್ದರೆ ಆ ಒರಟು ಮೈ ಮೇಲೆ ಪುಡಿ ಬಣ್ಣ ಚೆನ್ನಾಗಿ ಹಿಡಿಯುತ್ತದೆ.

ಐಸಿಂಗ್‌ಗೆ ನಿಜವಾದ ಸಕ್ಕರೆ ಬೇಡ. ತೇವಕ್ಕೆ ಜಿನುಗುತ್ತದೆ, ಇರುವೆ ತರುತ್ತದೆ. ಅಂಗಡಿಯ ಬಣ್ಣಬಣ್ಣದ ಸಕ್ಕರೆ ಕಾಳುಗಳೂ ಅಷ್ಟೇ, ಬಣ್ಣ ಬಿಟ್ಟು ಕಲೆ ಮಾಡುತ್ತವೆ. ಗೋಡೆಯ ಬಿರುಕು ಮುಚ್ಚಲು ಬರುವ ಹಗುರ ಫಿಲ್ಲರ್ 2 ಪಾಲು, ಬಿಳಿ ಮರಗೋಂದು 1 ಪಾಲು, ಬೇಕಾದ ಬಣ್ಣದ ಅಕ್ರಿಲಿಕ್ ಕೆಲವು ಹನಿ, ಇಷ್ಟರಲ್ಲಿ ಒಳ್ಳೆಯ ಐಸಿಂಗ್ ಆಗುತ್ತದೆ. ಚಮಚದಿಂದ ಬಿಟ್ಟ ಎಳೆ ಸುಮಾರು 10 ಸೆಕೆಂಡಿನಲ್ಲಿ ಕರಗಿ ಸಮನಾದರೆ ಡೋನಟ್ ಮೇಲೆ ಸುರಿಯುವ ಹದ. ಮೊನೆ ಹಾಗೇ ನಿಂತರೆ ಕಪ್‌ಕೇಕ್ ಮೇಲೆ ಹಿಂಡುವ ಹದ. ಗೋಂದು ಕಡಿಮೆಯಾದರೆ ಒಣಗಿ ಬಿರುಕು ಬಿಡುತ್ತದೆ. ಕೊಳವೆಯಲ್ಲಿ ಬರುವ, ಸಂದು ಮುಚ್ಚುವ ಸೀಲಂಟ್ ಬಳಸುವುದಾದರೆ ಅಕ್ರಿಲಿಕ್‌ನದ್ದೇ ತನ್ನಿ, ಸಿಲಿಕೋನ್ ಮೇಲೆ ಬಣ್ಣ ನಿಲ್ಲುವುದಿಲ್ಲ. ದಪ್ಪವಾಗಿ ಹಿಂಡಿದ್ದು ಮುಟ್ಟಿದರೆ ಒಣಗಿದಂತಿದ್ದರೂ ಒಳಗೆ ಮೆತ್ತಗಿರುತ್ತದೆ, ಎರಡು ಮೂರು ದಿನ ಮುಟ್ಟಬೇಡಿ. ಮೇಲೆ ಉದುರಿಸಲು ಗಾಜಿನ ಸಣ್ಣ ಮಣಿಗಳು, ಅಥವಾ ಶಾಖಕ್ಕೆ ಗಟ್ಟಿಯಾಗುವ ಪಾಲಿಮರ್ ಕ್ಲೇಯನ್ನು ಶ್ಯಾವಿಗೆಯ ದಪ್ಪಕ್ಕೆ ಹೊಸೆದು, ಪೊಟ್ಟಣದ ಮೇಲೆ ಬರೆದ ಶಾಖದಲ್ಲಿ ಬೇಯಿಸಿ, 3 ಮಿಲಿಮೀಟರಿಗೆ ಕತ್ತರಿಸಿದ ಚೂರುಗಳು. ಐಸಿಂಗ್ ಹಸಿಯಿರುವಾಗಲೇ ಉದುರಿಸಬೇಕು, ಮತ್ತು ಕೈ ಬಿಗಿ ಹಿಡಿಯಬೇಕು.

ಕಪ್‌ಕೇಕ್ ಇಡಿಯಾಗಿ ಹಿಟ್ಟಿನಲ್ಲಿ ಮಾಡಿದರೆ ಕೊಂಬೆ ಬಾಗುತ್ತದೆ. ಥರ್ಮಾಕೋಲ್ ಚೆಂಡಿನ ಅರ್ಧ ಭಾಗವನ್ನು ಕಾಗದದ ಕಪ್ಪಿಗೆ ಅಂಟಿಸಿ ಅದರ ಮೇಲೆ ಐಸಿಂಗ್ ಹಿಂಡಿ. ಸ್ಪ್ರೇ ಪೇಂಟ್ ಮತ್ತು ದ್ರಾವಕವಿರುವ ಅಂಟು ಥರ್ಮಾಕೋಲನ್ನು ಕರಗಿಸುತ್ತವೆ, ನೀರಿನಲ್ಲಿ ಕರಗುವ ಅಂಟೇ ಆಗಬೇಕು. ಮ್ಯಾಕರೋನ್‌ಗೆ ಗಾಳಿಗೆ ಒಣಗುವ ಹಗುರ ಕ್ಲೇ ಒಳ್ಳೆಯದು. 4 ಸೆಂಟಿಮೀಟರಿನ ಎರಡು ಗುಮ್ಮಟ ಮಾಡಿ, ಬುಡದ 3 ಮಿಲಿಮೀಟರಿನಷ್ಟು ಅಂಚನ್ನು ಸೂಜಿಯಿಂದ ಕೆದಕಿ ಒರಟು ಮಾಡಿ. ಮ್ಯಾಕರೋನ್ ಗುರುತು ಸಿಗುವುದೇ ಆ ಒರಟು ಪಟ್ಟಿಯಿಂದ. ನಡುವಿನ ಕೆನೆಗೆ ಚಪ್ಪಟೆ ಬಿಲ್ಲೆಯೊಂದನ್ನು ಇಟ್ಟು, ಕೊಂಡಿ ಇರುವ ತಂತಿಯನ್ನು ಅದರೊಳಗೇ ಅಂಟು ಹಚ್ಚಿ ಚುಚ್ಚಿ. ಫೆಲ್ಟ್ ಬಟ್ಟೆಯ ಬಿಸ್ಕತ್ತಿಗೆ ಎರಡು ತುಂಡು, ಕಾಜಾ ಹೊಲಿಗೆ, ಒಳಗೆ ತೆಳುವಾಗಿ ಹತ್ತಿ ಇದ್ದರಾಯಿತು. ಬೀಳಿಸಿದರೂ ಒಡೆಯದ್ದು ಇದೊಂದೇ, ಪುಟ್ಟ ಮಕ್ಕಳಿರುವ ಮನೆಗೆ ಇದೇ ಸರಿ.

ಉಪ್ಪು ಹಿಟ್ಟಿನವಕ್ಕೆ ವಾರ್ನಿಷ್ ಕಡ್ಡಾಯ. ಉಪ್ಪು ಗಾಳಿಯ ತೇವ ಹೀರುತ್ತದೆ, ಹಾಗೇ ಬಿಟ್ಟರೆ ಬೆವರಿ ಮೆತ್ತಗಾಗುತ್ತದೆ. ಮುಂದೆ, ಹಿಂದೆ, ಅಂಚು, ತೂತಿನ ಒಳಗೋಡೆ, ಎಲ್ಲ ಕಡೆ ತೆಳುವಾಗಿ ಎರಡು ಮೂರು ಸಲ ಬಳಿಯಿರಿ. ಹೆಚ್ಚಿನವರು ಬಿಡುವುದು ತೂತನ್ನೇ, ಹಾಳಾಗುವುದೂ ಅಲ್ಲಿಂದಲೇ. ಬಿಸ್ಕತ್ತಿಗೆ ಹೊಳಪಿಲ್ಲದ ವಾರ್ನಿಷ್, ಐಸಿಂಗ್‌ಗೆ ಮಾತ್ರ ಹೊಳಪಿನದು. ಎಲ್ಲಕ್ಕೂ ಹೊಳಪು ಬಳಿದರೆ ಪ್ಲಾಸ್ಟಿಕ್ ಎಂದು ದೂರದಿಂದಲೇ ಗೊತ್ತಾಗುತ್ತದೆ.

ಮರಕ್ಕೆ ತಿನಿಸು ಕಟ್ಟುವುದು ಹೊಸದಲ್ಲ. 1605ರಲ್ಲಿ ಸ್ಟ್ರಾಸ್‌ಬರ್ಗ್‌ನ ಮನೆಗಳ ಮರಗಳ ಬಗ್ಗೆ ಬರೆದಿಟ್ಟ ಟಿಪ್ಪಣಿಯಲ್ಲಿ ಕಾಗದದ ಗುಲಾಬಿಗಳ ಜೊತೆಗೆ ಸೇಬು, ವೇಫರ್, ಸಕ್ಕರೆಯೂ ಇವೆ. ಅವು ತಿನ್ನುವಂಥವು, ನಿಮ್ಮವಲ್ಲ. ಉಪ್ಪು ಹಿಟ್ಟನ್ನು ನಾಯಿ ತಿಂದರೆ ಅಷ್ಟು ಉಪ್ಪು ಅದರ ಪ್ರಾಣಕ್ಕೇ ಎರವಾಗಬಹುದು. ಸಾಕುಪ್ರಾಣಿ ಇದ್ದರೆ ಕೆಳಗಿನ ಕೊಂಬೆಗಳಿಗೆ ಫೆಲ್ಟ್‌ನವನ್ನು ಮಾತ್ರ ಕಟ್ಟಿ. ನಿಜವಾದ ತಿಂಡಿ ಇಟ್ಟ ತಟ್ಟೆಯ ಪಕ್ಕ ಇವನ್ನು ಇಡಲೇಬೇಡಿ, ಅತಿಥಿಯ ಹಲ್ಲು ಮುರಿದೀತು.

ಭಾರದವು ಕಾಂಡದ ಹತ್ತಿರ, ಕೊಂಬೆಯ ದಪ್ಪ ಭಾಗಕ್ಕೆ. ಮ್ಯಾಕರೋನ್‌ನಂಥ ಹಗುರದವು ತುದಿಗೆ. ಮೊದಲು ದೀಪದ ಸರ, ನಂತರ ದೊಡ್ಡವು, ಕೊನೆಗೆ ಸಣ್ಣವು. ಬೆಚ್ಚನೆ ಹಳದಿ ಬೆಳಕಿನ ಎಲ್‌ಇಡಿ ಕಂದು ಬಣ್ಣವನ್ನು ಎತ್ತಿ ತೋರಿಸುತ್ತದೆ, ನೀಲಿ ಛಾಯೆಯ ಬಿಳಿ ಬೆಳಕಿನಲ್ಲಿ ಅದೇ ಬಿಸ್ಕತ್ತು ಹಳಸಿದಂತೆ ಕಾಣುತ್ತದೆ. ಕಂದು, ಕೆನೆ ಬಣ್ಣ, ಕೆಂಪು, ಜೊತೆಗೆ ಇನ್ನೊಂದೇ ಬಣ್ಣ, ಅಲ್ಲಿಗೆ ನಿಲ್ಲಿಸಿ. ಹತ್ತು ಬಣ್ಣದ ಐಸಿಂಗ್ ಒಂದೇ ಮರದಲ್ಲಿದ್ದರೆ ಕಣ್ಣಿಗೆ ಯಾವುದೂ ನಿಲ್ಲದು. ಮರವಿಲ್ಲದಿದ್ದರೆ ಸೆಣಬಿನ ದಾರಕ್ಕೆ 15 ಸೆಂಟಿಮೀಟರಿಗೊಂದು ಕಟ್ಟಿ ತೋರಣ ಮಾಡಿ. ಪ್ರತಿಯೊಂದಕ್ಕೂ ಗಂಟು ಹಾಕಿ, ಇಲ್ಲದಿದ್ದರೆ ಎಲ್ಲವೂ ಜಾರಿ ನಡುವೆ ಬಂದು ಗುಂಪಾಗುತ್ತವೆ. ಬಿಸಿಲು ಬೀಳುವ ಕಿಟಕಿ ಬೇಡ, ಗುಲಾಬಿ ಐಸಿಂಗ್ ಮಾಸುತ್ತದೆ.

ಇಳಿಸಿದ ಮೇಲೆ ಒಂದು ದಿನ ಫ್ಯಾನ್ ಗಾಳಿಗೆ ಹರಡಿ, ಒಂದೊಂದನ್ನೂ ತೆಳು ಕಾಗದದಲ್ಲಿ ಸುತ್ತಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಮ್ಯಾಕರೋನ್‌ಗಳಿಗೆ ಮೊಟ್ಟೆಯ ಟ್ರೇ ಹೇಳಿ ಮಾಡಿಸಿದ ಹಾಗಿರುತ್ತದೆ. ದಾಲ್ಚಿನ್ನಿಯವನ್ನು ಬೇರೆ ಡಬ್ಬಿಯಲ್ಲಿಡಿ, ಅವುಗಳ ಕಂದು ಪುಡಿ ಬಿಳಿಯವಕ್ಕೆ ಹತ್ತಿದರೆ ಹೋಗುವುದಿಲ್ಲ.