ಕೆನ್ನೆಯ ಕ್ಯಾನ್ಸರ್: ಸಿಟಿ ಸ್ಕ್ಯಾನ್‌ನಲ್ಲಿ ನಾನು ಹುಡುಕುವುದು

ಬಾಯಿಯ ಕ್ಯಾನ್ಸರ್ ಎಂದು ಬಯಾಪ್ಸಿಯಲ್ಲಿ ಖಚಿತವಾದ ಮೇಲೆಯೇ ಹೆಚ್ಚಿನ ರೋಗಿಗಳು ನಮ್ಮ ವಿಭಾಗಕ್ಕೆ ಬರುತ್ತಾರೆ. ಹಾಗಿರುವಾಗ ಸ್ಕ್ಯಾನ್ ನೋಡಿ ‘ಕೆನ್ನೆಯಲ್ಲಿ ಕ್ಯಾನ್ಸರ್ ಗಡ್ಡೆ ಇದೆ’ ಎಂದಷ್ಟೇ ಬರೆದು ಕೊಟ್ಟರೆ ಸರ್ಜನ್‌ಗೆ ಹೊಸದೇನು ಸಿಕ್ಕಿತು? ಗಡ್ಡೆ ಎಲ್ಲಿಯವರೆಗೆ ಹಬ್ಬಿದೆ, ದವಡೆಯನ್ನು ಉಳಿಸಲು ಸಾಧ್ಯವೇ, ಕತ್ತಿನ ದುಗ್ಧಗ್ರಂಥಿಗಳ ಸ್ಥಿತಿ ಏನು ಎಂಬುದು ಅವರಿಗೆ ತಿಳಿಯಬೇಕು. ಉತ್ತರ ಕರ್ನಾಟಕದ ಬೋಧನಾ ಆಸ್ಪತ್ರೆಯೊಂದರಲ್ಲಿ ರೇಡಿಯಾಲಜಿಸ್ಟ್ ಆಗಿ ಈ ಸ್ಕ್ಯಾನ್‌ಗಳನ್ನು ಓದುತ್ತಾ ಓದುತ್ತಾ ನನ್ನದೇ ಒಂದು ಕ್ರಮ ರೂಢಿಯಾಗಿದೆ.

ನಮ್ಮ ಕಡೆ ರೋಗ ಹೆಚ್ಚಾಗಿ ಕಾಣಿಸುವುದು ಕೆಳವಸಡಿಗೂ ಕೆನ್ನೆಗೂ ನಡುವಿನ ಸಂದಿಯಲ್ಲಿ. ಸುಣ್ಣ ಹಚ್ಚಿ ತಿಕ್ಕಿದ ಹೊಗೆಸೊಪ್ಪು, ಗುಟ್ಕಾ, ಎಲೆ ಅಡಿಕೆಯ ಉಂಡೆ ಗಂಟೆಗಟ್ಟಲೆ ಕೂರುವುದು ಅಲ್ಲಿಯೇ. ಗುಟ್ಕಾ ಮಾರಾಟವನ್ನು ರಾಜ್ಯದಲ್ಲಿ 2013ರಲ್ಲಿ ನಿಷೇಧಿಸಲಾಯಿತು. ಪಾನ್ ಮಸಾಲಾ ಮತ್ತು ತಂಬಾಕಿನ ಪೊಟ್ಟಣಗಳನ್ನು ಬೇರೆ ಬೇರೆ ಕೊಂಡು ಬೆರೆಸಿ ಹಾಕಿಕೊಳ್ಳುವುದು ಮಾತ್ರ ನಿಂತಿಲ್ಲ. ಸ್ಕ್ಯಾನ್‌ಗೆ ಮೊದಲು ನಾನು ರೋಗಿಯನ್ನು ಕೇಳುವ ಮೊದಲ ಪ್ರಶ್ನೆ, ‘ಯಾವ ಕಡೆ ಇಟ್ಟುಕೊಳ್ಳುತ್ತಿದ್ದಿರಿ?’ ಎಂಬುದು. ಆ ಕಡೆಯನ್ನು ಚೆನ್ನಾಗಿ ನೋಡಿದ ಮೇಲೆ ಎದುರಿನ ಕೆನ್ನೆಯನ್ನೂ ಅಷ್ಟೇ ಶ್ರದ್ಧೆಯಿಂದ ನೋಡುತ್ತೇನೆ. ವರ್ಷಗಟ್ಟಲೆ ತಂಬಾಕು ತಾಗಿದ ಬಾಯಿಯಲ್ಲಿ ಎರಡನೆಯ ಗಡ್ಡೆ ಇರುವುದು ಅಪರೂಪವೇನಲ್ಲ.

ಬಾಯಿ ಮುಚ್ಚಿ ಸುಮ್ಮನೆ ಮಲಗಿದರೆ ಕೆನ್ನೆ ವಸಡಿಗೆ ಅಂಟಿಕೊಳ್ಳುತ್ತದೆ. ಆಗ ಗಡ್ಡೆ ಕೆನ್ನೆಯಿಂದ ಹೊರಟಿತೋ ವಸಡಿನಿಂದ ಹೊರಟಿತೋ ಹೇಳಲಾಗುವುದಿಲ್ಲ. ಸಣ್ಣ ಗಡ್ಡೆಯಾದರೆ ಕಾಣಿಸುವುದೇ ಇಲ್ಲ. ಹಾಗಾಗಿ ಕೆನ್ನೆ ಉಬ್ಬಿಸಿ ಸ್ಕ್ಯಾನ್ ಮಾಡಿಸುತ್ತೇನೆ. ತುಟಿ ಬಿಗಿದು, ಪುಗ್ಗೆ ಊದುವವರಂತೆ ಎರಡೂ ಕೆನ್ನೆಗಳಲ್ಲಿ ಗಾಳಿ ತುಂಬಿ, ಕೆಲವು ಸೆಕೆಂಡು ಹಾಗೆಯೇ ಹಿಡಿದಿಟ್ಟರೆ ಸಾಕು. ಗಾಳಿಯ ಕಪ್ಪು ಎರಡು ಲೋಳೆಪದರಗಳನ್ನೂ ಬಿಡಿಸಿ ತೋರಿಸುತ್ತದೆ. ಹೇಳಿದ ತಕ್ಷಣ ಯಾರಿಗೂ ಇದು ಸರಿಯಾಗಿ ಬರುವುದಿಲ್ಲ. ಕೆಲವರು ಉಸಿರು ಕಟ್ಟಿ ಗಂಟಲು ಬಿಗಿಯುತ್ತಾರೆ, ಕೆಲವರ ನಾಲಿಗೆ ಮುಂದಕ್ಕೆ ಬರುತ್ತದೆ. ಆದ್ದರಿಂದ ಮೇಜಿನ ಮೇಲೆ ಮಲಗಿಸುವ ಮೊದಲೇ ನಮ್ಮ ತಂತ್ರಜ್ಞರು ಎದುರು ನಿಂತು ತಾವೇ ಕೆನ್ನೆ ಉಬ್ಬಿಸಿ ತೋರಿಸಿ, ರೋಗಿಯಿಂದಲೂ ಮಾಡಿಸುತ್ತಾರೆ. ಅಡಿಕೆಯಿಂದ ಬಾಯಿಯ ಒಳಪದರ ನಾರುಗಟ್ಟಿದವರಿಗೆ ಉಬ್ಬಿಸಲು ಆಗುವುದಿಲ್ಲ. ಅವರಿಗೆ ಸಂದಿಯಲ್ಲಿ ಗಾಜ್ ಬಟ್ಟೆಯ ಸಣ್ಣ ಸುರುಳಿ ಇಡುತ್ತೇವೆ. ಚಿತ್ರದಲ್ಲಿ ರಕ್ತನಾಳ ಮತ್ತು ಗಡ್ಡೆಯನ್ನು ಹೊಳೆಯಿಸುವ ಕಾಂಟ್ರಾಸ್ಟ್ ಔಷಧವನ್ನು ರಕ್ತನಾಳಕ್ಕೆ ಕೊಟ್ಟು ಸುಮಾರು ಒಂದು ನಿಮಿಷ ಕಾದು ಚಿತ್ರ ತೆಗೆಯುತ್ತೇವೆ. ಅವಸರ ಮಾಡಿದರೆ ರಕ್ತನಾಳಗಳು ಹೊಳೆಯುತ್ತವೆ, ಗಡ್ಡೆ ಮಂಕಾಗಿಯೇ ಉಳಿಯುತ್ತದೆ.

ಚಿತ್ರ ಬಂದ ಮೇಲೆ ದವಡೆಯ ಮೂಳೆಯನ್ನು ಮೂಳೆಯ ವಿಂಡೋದಲ್ಲಿ, ಅಂದರೆ ಮೂಳೆಯ ವಿವರ ಎದ್ದು ಕಾಣುವಂತೆ ಚಿತ್ರದ ಹೊಳಪನ್ನು ಹೊಂದಿಸಿ, ತೆಳುವಾದ ಪದರಗಳಲ್ಲಿ, ಮೂರೂ ದಿಕ್ಕುಗಳಿಂದ ನೋಡುತ್ತೇನೆ. ಹಲ್ಲು ಕಿತ್ತ ಕುಳಿ, ವಸಡಿನ ರೋಗದಿಂದ ಸವೆದ ಅಂಚು, ಗಡ್ಡೆ ತಿಂದ ಮೂಳೆ ಮೂರೂ ಒಂದೇ ಥರ ಕಂಡಾವು. ಗಡ್ಡೆಗೆ ತಾಗಿಕೊಂಡೇ ಮೂಳೆಯ ಅಂಚು ಒಡೆದಿದೆಯೇ, ಅಲ್ಲಿಂದ ಒಳಗಿನ ಮಜ್ಜೆಗೆ ಹೋಗಿದೆಯೇ ಎಂದು ನೋಡಿದ ಹೊರತು ನಾನು ‘ಮೂಳೆಗೆ ಹಬ್ಬಿದೆ’ ಎಂದು ಬರೆಯುವುದಿಲ್ಲ. ಆ ಒಂದು ವಾಕ್ಯದ ಮೇಲೆ ದವಡೆಯ ಮೇಲಂಚನ್ನಷ್ಟೇ ಕತ್ತರಿಸಬೇಕೋ, ಒಂದು ಭಾಗವನ್ನು ಪೂರ್ತಿಯಾಗಿ ತೆಗೆಯಬೇಕೋ ಎಂಬುದು ನಿಂತಿದೆ. ಅಂದರೆ ಆ ಮನುಷ್ಯ ಮುಂದೆ ಹೇಗೆ ಉಣ್ಣುತ್ತಾನೆ, ಅವನ ಮುಖ ಹೇಗೆ ಕಾಣುತ್ತದೆ ಎಂಬುದೂ. ಹಲ್ಲೆಲ್ಲ ಉದುರಿದ ವೃದ್ಧರಲ್ಲಿ ದವಡೆಯ ಎತ್ತರವೇ ಕುಗ್ಗಿರುತ್ತದೆ. ಅಂಥವರಲ್ಲಿ ಉಳಿಯಬಹುದಾದ ಮೂಳೆಯ ಎತ್ತರವನ್ನು ಅಳೆದು ಬರೆಯುತ್ತೇನೆ.

ನಾನು ಅತಿ ಹೆಚ್ಚು ಸಮಯ ಕೊಡುವುದು ಹಿಂದಿನ ಮೂಲೆಗೆ. ಕೊನೆಯ ದವಡೆ ಹಲ್ಲಿನ ಹಿಂದಿನಿಂದ ಗಡ್ಡೆ ಅಗಿಯುವ ಸ್ನಾಯುಗಳ ಕೋಣೆಗೆ ನುಸುಳುತ್ತದೆ. ಆ ಕೋಣೆಯನ್ನು ಸೇರಿದರೆ ಹಂತ ಟಿ4ಬಿ, ಅಂದರೆ ಗಡ್ಡೆಯ ಹಬ್ಬುವಿಕೆಯಲ್ಲಿ ಅತಿ ಮುಂದುವರಿದ ಹಂತ, ಆಗುತ್ತದೆ. ಒಂದು ಕಾಲದಲ್ಲಿ ಅಲ್ಲಿಗೆ ಶಸ್ತ್ರಚಿಕಿತ್ಸೆಯ ಮಾತೇ ನಿಲ್ಲುತ್ತಿತ್ತು. ಈಗ ಹಾಗಿಲ್ಲ. ದವಡೆಯ ಮೂಳೆಯ ಮೇಲ್ತುದಿಯಲ್ಲಿ ಎರಡು ಕೋಡುಗಳ ನಡುವೆ ಒಂದು ತಗ್ಗು ಇದೆ, ಅದನ್ನು ಮ್ಯಾಂಡಿಬುಲರ್ ನಾಚ್ ಎನ್ನುತ್ತೇವೆ. ಗಡ್ಡೆ ಈ ತಗ್ಗಿನ ಕೆಳಗೆ, ಮ್ಯಾಸೆಟರ್ ಅಥವಾ ಮೀಡಿಯಲ್ ಟೆರಿಗಾಯ್ಡ್ ಸ್ನಾಯುವಿನಲ್ಲಿಯೇ ನಿಂತಿದ್ದರೆ ಅನುಭವಿ ಸರ್ಜನ್ ಆ ಕೋಣೆಯನ್ನು ಒಟ್ಟಾಗಿ ತೆಗೆಯಬಲ್ಲರು. ತಗ್ಗನ್ನು ದಾಟಿ ಮೇಲಿನ ಲ್ಯಾಟರಲ್ ಟೆರಿಗಾಯ್ಡ್ ಸ್ನಾಯುವಿಗೆ ಏರಿದ್ದರೆ ದಾರಿ ಕಠಿಣ. ‘ಟಿ4ಬಿ’ ಎಂದಷ್ಟೇ ಬರೆದು ಕೈತೊಳೆದುಕೊಳ್ಳುವ ವರದಿಗಳನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಗೆಲ್ಲಬಹುದಾದ ರೋಗಿಗೂ ಆ ಎರಡಕ್ಷರ ಬಾಗಿಲು ಮುಚ್ಚಿಬಿಡಬಹುದು. ಆದ್ದರಿಂದ ನಾಚ್‌ನ ಮೇಲೋ ಕೆಳಗೋ ಎಂಬುದನ್ನು ನಾನು ತಪ್ಪದೆ ಬರೆಯುತ್ತೇನೆ.

ಇಲ್ಲಿ ನನ್ನ ಕಣ್ಣು ಗಡ್ಡೆಗಿಂತ ಮೊದಲು ಕೊಬ್ಬನ್ನು ಹುಡುಕುತ್ತದೆ. ಸ್ನಾಯುಗಳ ನಡುವೆ ಸಿಟಿಯಲ್ಲಿ ಕಪ್ಪಾಗಿ ಕಾಣುವ ತೆಳು ಕೊಬ್ಬಿನ ಗೆರೆಗಳು ಆರೋಗ್ಯವಂತ ಬದಿಯಲ್ಲಿ ಸ್ಪಷ್ಟವಾಗಿರುತ್ತವೆ. ಎರಡೂ ಬದಿಗಳನ್ನು ಹೋಲಿಸುತ್ತಾ ಮೇಲಕ್ಕೆ ಸಾಗಿ, ಗೆರೆ ಎಲ್ಲಿ ಬೂದು ಬಣ್ಣಕ್ಕೆ ತಿರುಗಿತು ಎಂದು ಗುರುತಿಸಿದರೆ ಗಡ್ಡೆಯ ಗಡಿ ಬಹುಪಾಲು ಸಿಕ್ಕಂತೆ. ಊತದಿಂದಲೂ ಕೊಬ್ಬು ಮಸುಕಾಗುತ್ತದೆ, ಸಂಶಯವಿದ್ದಾಗ ಎಂಆರ್‌ಐ ಕೇಳುತ್ತೇನೆ. ನರದ ಜಾಡಿನಲ್ಲಿ ರೋಗ ಏರಿದೆಯೇ ಎಂದು ತಲೆಬುರುಡೆಯ ತಳದ ಫೊರಾಮೆನ್ ಒವೇಲ್ ಎಂಬ ರಂಧ್ರದವರೆಗೆ ನೋಡುವುದೂ ಇದೇ ಸುತ್ತಿನಲ್ಲಿ.

ಕತ್ತಿನ ಗ್ರಂಥಿಗಳಲ್ಲಿ 1 ಸೆಂಟಿಮೀಟರಿಗಿಂತ ದೊಡ್ಡದಾದರೆ ಅನುಮಾನ ಎಂಬ ಅಳತೆಯನ್ನೇ ನೆಚ್ಚಿ ಕೂರುವುದಿಲ್ಲ. ಚಿಕ್ಕದಾದರೂ ದುಂಡಗಿದ್ದು ನಡುವೆ ಕೊಳೆತಂತೆ ಕಂಡರೆ ಅನುಮಾನ ಬಲವಾಗುತ್ತದೆ. ಅಂಚು ಒರಟಾಗಿ ಸುತ್ತಲಿನ ಕೊಬ್ಬಿಗೆ ಚಾಚಿದ್ದರೆ ರೋಗ ಗ್ರಂಥಿಯ ಪೊರೆಯನ್ನು ದಾಟಿರಬಹುದು. ಅದನ್ನು ಪ್ರತ್ಯೇಕವಾಗಿ ಹೇಳುತ್ತೇನೆ. ನಮ್ಮಲ್ಲಿ ಕ್ಷಯದ ಗ್ರಂಥಿಗಳೂ ಹೀಗೆಯೇ ನಡುವೆ ಕೊಳೆತು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಗಡ್ಡೆಯಿಂದ ದುಗ್ಧರಸ ಹರಿಯುವ ದಾರಿಗೆ ಹೊಂದದ ಜಾಗದಲ್ಲಿ, ಅದರಲ್ಲೂ ಕತ್ತಿನ ಹಿಂಬದಿಯಲ್ಲಿ ಅಂಥ ಗುಂಪು ಕಂಡರೆ ಸೂಜಿ ಪರೀಕ್ಷೆಗೆ ಸೂಚಿಸುತ್ತೇನೆ.

ವರದಿಯ ಕೊನೆಯಲ್ಲಿ ಮೂಳೆ, ನಾಚ್, ಚರ್ಮ, ಗ್ರಂಥಿ ಈ ನಾಲ್ಕಕ್ಕೂ ಒಂದೊಂದು ಸಾಲು ಬರೆಯುತ್ತೇನೆ. ನಾಚ್‌ನ ಸಾಲಿನಲ್ಲಿ ‘ಬಹುಶಃ’ ಎಂದು ಬರೆಯಬೇಕಾಗಿ ಬಂದ ದಿನ ಸರ್ಜನ್‌ಗೆ ಫೋನ್ ಮಾಡಿ, ಇಬ್ಬರೂ ಪರದೆಯ ಮುಂದೆ ಕೂತು ಅದೇ ಪದರಗಳನ್ನು ಮತ್ತೆ ನೋಡುತ್ತೇವೆ.