ಓ ಪೇರ್ ಆಗಿ ಜರ್ಮನಿಗೆ ಹೋದ ನನ್ನ ಅನುಭವ

ಜರ್ಮನಿಗೆ ಓದೋಕೆ ಹೋಗಬೇಕು ಅಂದರೆ ಮೊದಲು ಎದುರಾಗೋದು ಬ್ಲಾಕ್ಡ್ ಅಕೌಂಟ್, ಅಂದರೆ ಕಟ್ಟಿದ ದುಡ್ಡನ್ನು ತಿಂಗಳಿಗೆ ಇಷ್ಟು ಅಂತ ಮಾತ್ರ ತೆಗೆಯಬಹುದಾದ ಬ್ಯಾಂಕ್ ಖಾತೆ. 2024ರ ಸೆಪ್ಟೆಂಬರ್‌ನಿಂದ ಒಂದು ವರ್ಷದ ಖರ್ಚಿಗೆ 11,904 ಯೂರೋ ಮುಂಚೆಯೇ ಕಟ್ಟಿ ತೋರಿಸಬೇಕು. ನನ್ನ ಹತ್ತಿರ ಅಷ್ಟು ದುಡ್ಡು ಇರಲಿಲ್ಲ. ಹಾಗಾಗಿ ಓ ಪೇರ್ ಆಗಿ ಹೋದೆ.

ಅಂದರೆ ಅಲ್ಲಿನ ಒಂದು ಕುಟುಂಬದ ಜೊತೆ ಇದ್ದು, ಅವರ ಮಕ್ಕಳನ್ನು ನೋಡಿಕೊಂಡು, ಚೂರುಪಾರು ಮನೆಕೆಲಸ ಮಾಡಿಕೊಂಡು, ಜೊತೆಗೆ ಭಾಷೆ ಕಲಿಯೋದು. ಊಟ, ಸ್ವಂತ ಕೋಣೆ, ಆರೋಗ್ಯ ವಿಮೆ ಅವರ ಖರ್ಚು. ಕೈಗೆ ತಿಂಗಳಿಗೆ 280 ಯೂರೋ, ಭಾಷಾ ತರಗತಿಗೆ ಅಂತ ಇನ್ನೊಂದು 70. ಇದು ಸಂಬಳ ಅಲ್ಲ, ಪಾಕೆಟ್ ಮನಿ. ಉಳಿಸಿ ಮನೆಗೆ ಕಳಿಸ್ತೀನಿ ಅನ್ನೋ ಲೆಕ್ಕ ಇದ್ದರೆ ಈ ದಾರಿ ಬೇಡ.

ವಯಸ್ಸು 18 ಆಗಿರಬೇಕು, ವೀಸಾ ಅರ್ಜಿ ಹಾಕುವಾಗ 27 ತುಂಬಿರಬಾರದು. ಜರ್ಮನ್ ಭಾಷೆ ಎ1, ಅಂದರೆ ತೀರಾ ಆರಂಭದ ಮಟ್ಟದಷ್ಟು ಬಂದರೆ ಸಾಕು ಅಂತ ನಿಯಮ. ನಾನು ಎ1 ಪಾಸಾಗಿ ಖುಷಿಯಲ್ಲಿ ಹೋದವಳು. ಅದು ಏನೂ ಸಾಲದು ಅಂತ ಏರ್‌ಪೋರ್ಟಿನಿಂದ ಮನೆಗೆ ಹೋಗುವ ಕಾರಿನಲ್ಲೇ ಗೊತ್ತಾಯಿತು. ಆಮೇಲೆ ಆ ಮನೆಯ ನಾಲ್ಕು ವರ್ಷದ ಹುಡುಗ ದಿನಾ ನನ್ನ ಡೆರ್, ಡೀ, ಡಾಸ್ ತಿದ್ದುತ್ತಿದ್ದ. ಜರ್ಮನ್‌ನಲ್ಲಿ ನಾಮಪದದ ಲಿಂಗ ನೋಡಿ ಅದರ ಮುಂದೆ ಹಾಕುವ ಪದಗಳು ಇವು. ಅವನಷ್ಟು ಖಡಕ್ ಮೇಷ್ಟ್ರು ನನಗೆ ಇನ್ನೂ ಸಿಕ್ಕಿಲ್ಲ. ಹಾಗಾಗಿ ಸಾಧ್ಯವಾದರೆ ಮುಂದಿನ ಹಂತ ಎ2 ಮುಗಿಸಿಯೇ ಹೊರಡಿ.

ನಾನು ಎಡವಿದ್ದು ಕುಟುಂಬ ಆರಿಸಿಕೊಳ್ಳೋದರಲ್ಲಿ. ವಿಡಿಯೋ ಕಾಲ್‌ನಲ್ಲಿ ಎಲ್ಲರೂ ಒಳ್ಳೆಯವರೇ, ಅಲ್ವಾ? ಕೆಲಸ ವಾರಕ್ಕೆ 30 ಗಂಟೆ, ದಿನಕ್ಕೆ 6 ಗಂಟೆ ಮೀರುವ ಹಾಗಿಲ್ಲ, ವಾರಕ್ಕೆ ಒಂದೂವರೆ ದಿನ ರಜೆ. ಇದೆಲ್ಲ ಕರಾರಿನಲ್ಲೇ ಇತ್ತು. ಆದರೆ ಸಂಜೆ "ಸ್ವಲ್ಪ ಹೊರಗೆ ಹೋಗಿ ಬರ್ತೀವಿ, ಮಗು ಹೇಗೂ ಮಲಗಿದೆ" ಅಂತ ಶುರುವಾಯಿತು. ಮಗು ಮಲಗಿದ್ದರೂ ನಾನು ಮನೆ ಬಿಟ್ಟು ಹೋಗೋ ಹಾಗಿಲ್ಲವಲ್ಲ, ಹಾಗಾಗಿ ಅದೂ ಕೆಲಸದ ಲೆಕ್ಕಕ್ಕೇ ಬರುತ್ತೆ. ಸುಮ್ನೆ ಒಂದು ನೋಟ್‌ಬುಕ್‌ನಲ್ಲಿ ಬರೆಯುತ್ತಾ ಬಂದೆ. ಒಂದು ವಾರ ಕೂಡಿಸಿದರೆ 41 ಗಂಟೆ! ತೋರಿಸಿದಾಗ ಅವರಿಗೇ ಆಶ್ಚರ್ಯ. ಕೆಟ್ಟವರೇನಲ್ಲ, ಲೆಕ್ಕ ಇಟ್ಟಿರಲಿಲ್ಲ ಅಷ್ಟೇ. ಎರಡು ವಾರ ಸರಿ ಹೋಯಿತು, ಆಮೇಲೆ ಮತ್ತೆ ಅದೇ ಕಥೆ.

ಆಗ ಸಿಟ್ಟಿನಲ್ಲಿ ಟಿಕೆಟ್ ತಗೊಂಡು ವಾಪಸ್ ಹೋಗೋಣ ಅನ್ನಿಸಿತ್ತು. ಹೋಗದೆ ಇದ್ದದ್ದೇ ಒಳ್ಳೆಯದಾಯಿತು. ಯಾಕಂದರೆ ಜರ್ಮನಿಯಲ್ಲಿ ಓ ಪೇರ್ ಅವಕಾಶ ಒಂದೇ ಸಲ, ಅದೂ ಜಾಸ್ತಿ ಅಂದರೆ ಒಂದು ವರ್ಷ. ಅರ್ಧಕ್ಕೇ ಬಿಟ್ಟು ಬಂದರೂ ಉಳಿದ ತಿಂಗಳುಗಳಿಗೆ ಅಂತ ಇನ್ನೊಮ್ಮೆ ಕೊಡೋದಿಲ್ಲ. ಆದರೆ ಅಲ್ಲೇ ಇದ್ದುಕೊಂಡು ಕುಟುಂಬ ಬದಲಾಯಿಸಬಹುದು. ನಮ್ಮ ಕರಾರಿನಲ್ಲಿ 14 ದಿನದ ನೋಟಿಸ್ ಅಂತ ಇತ್ತು. ಬರವಣಿಗೆಯಲ್ಲಿ ನೋಟಿಸ್ ಕೊಟ್ಟೆ, ಹೊಸ ಮನೆ ಹುಡುಕಿದೆ, ಔಸ್‌ಲೆಂಡರ್‌ಬೆಹೋರ್ಡೆ ಅನ್ನೋ ವಿದೇಶಿಯರ ಕಚೇರಿಗೆ ತಿಳಿಸಿದೆ. ಅಲ್ಲಿ ಹೇಳದೆ ಮನೆ ಬದಲಿಸಬೇಡಿ, ನಿಮ್ಮ ಪರವಾನಗಿ ನಿಂತಿರೋದೇ ಆ ಕರಾರಿನ ಮೇಲೆ.

ಎರಡನೇ ಸಲ ಕುಟುಂಬದವರಿಗೆ ನಾನು ಕೇಳಿದ್ದು ಮುಖ್ಯವಾಗಿ ಒಂದೇ: "ನಿಮ್ಮ ಮನೆಯಲ್ಲಿ ಮುಂಚೆ ಇದ್ದ ಓ ಪೇರ್ ನಂಬರ್ ಕೊಡ್ತೀರಾ?" ಒಬ್ಬರು ಮಾತು ಮರೆಸಿದರು. ಇನ್ನೊಬ್ಬರು ಅದೇ ದಿನ ಕಳಿಸಿದರು, ಅವರ ಮನೆಗೇ ಹೋದೆ. ಮಂಗಳವಾರ ಬೆಳಿಗ್ಗೆಯಿಂದ ರಾತ್ರಿವರೆಗೆ ಏನೇನು ಕೆಲಸ ಅಂತ ಗಂಟೆ ಗಂಟೆ ಲೆಕ್ಕದಲ್ಲಿ ಆ ಹುಡುಗಿಯನ್ನೇ ಕೇಳಿ ಬರೆದುಕೊಂಡಿದ್ದೆ.

ಆ ವರ್ಷ ಮುಗಿಯುವ ಮೂರು ತಿಂಗಳ ಮುಂಚೆಯೇ ಎಫ್‌ಎಸ್‌ಜೆಗೆ ಅರ್ಜಿ ಹಾಕಿದೆ. ಆಸ್ಪತ್ರೆ, ವೃದ್ಧಾಶ್ರಮ, ಶಿಶುವಿಹಾರ ಇಂಥ ಕಡೆ ಸಾಮಾನ್ಯವಾಗಿ ಒಂದು ವರ್ಷ ಮಾಡುವ ಸ್ವಯಂಸೇವೆ ಅದು, 27 ತುಂಬದವರಿಗೆ. ಈಗ ಒಂದು ವೃದ್ಧಾಶ್ರಮದಲ್ಲಿದ್ದೀನಿ. ಇಲ್ಲಿನ ಅಜ್ಜಿಯರೂ ನನ್ನ ಡೆರ್, ಡೀ, ಡಾಸ್ ತಿದ್ದುತ್ತಾರೆ, ಆದರೆ ಆ ಹುಡುಗನಷ್ಟು ಬೈಯಲ್ಲ.